ರಕ್ತನಾಳವರ್ಧಕವೂ ಮಧುಮೇಹಿಗಳ ಕಣ್ಣೂ

ನೀರಿನ ಆಸರೆಯಿಲ್ಲದೆ ಊರು ಬೆಳೆಯದು. ರಕ್ತದ ಆಸರೆಯಿಲ್ಲದೆ ಅಂಗಾಂಶ ಬೆಳೆಯದು. ತಾಯಿಯ ಗರ್ಭದಲ್ಲಿ ಶಿಶುವಿನ ಅಂಗಗಳು ರೂಪುಗೊಳ್ಳುವಾಗ ರಕ್ತನಾಳಗಳೂ ಅವುಗಳ ಜೊತೆಯಲ್ಲಿಯೇ ಕವಲೊಡೆಯುತ್ತಾ ಸಾಗುತ್ತವೆ. ಹೀಗೆ ಕವಲೊಡೆಯುವಂತೆ ಪ್ರಚೋದಿಸುವ ಮುಖ್ಯ ಪ್ರೋಟೀನಿಗೆ ವೈದ್ಯರು ವಿ.ಇ.ಜಿ.ಎಫ್. ಎಂದು ಹೆಸರಿಟ್ಟಿದ್ದಾರೆ. ಕನ್ನಡದಲ್ಲಿ ಇದನ್ನು ರಕ್ತನಾಳವರ್ಧಕ ಎನ್ನಬಹುದು.

ವರ್ಧಕದ ಕಾರ್ಯ

ಆಮ್ಲಜನಕದ ಕೊರತೆಯುಂಟಾದಾಗ ಜೀವಕೋಶಗಳು ಈ ವರ್ಧಕವನ್ನು ಹೆಚ್ಚಾಗಿ ಸ್ರವಿಸುತ್ತವೆ. ಸಮೀಪದ ರಕ್ತನಾಳದ ಒಳಪದರದ ಕೋಶಗಳು ಅದರಿಂದ ಪ್ರಚೋದನೆಗೊಂಡು ವೃದ್ಧಿಯಾಗಿ, ಹೊಸ ಕವಲನ್ನು ಕಳುಹಿಸುತ್ತವೆ. ಗಾಯ ಮಾಯುವುದಕ್ಕೂ ಇದು ಅವಶ್ಯಕ. ಜೀವಕೋಶಗಳು ಆಮ್ಲಜನಕದ ಕೊರತೆಯನ್ನು ಅರಿಯುವ ಬಗೆಯನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

1983ರಲ್ಲಿ ಅಮೆರಿಕದ ಸೆಂಗರ್ ಮತ್ತು ಡ್ವೊರಾಕ್ ರಕ್ತನಾಳಗಳನ್ನು ಸೋರುವಂತೆ ಮಾಡುವ ಒಂದು ಪ್ರೋಟೀನನ್ನು ವರ್ಣಿಸಿದರು. 1989ರಲ್ಲಿ ಫೆರಾರ ಮತ್ತು ಸಂಗಡಿಗರು ನಾಳಗಳನ್ನು ಬೆಳೆಸುವ ಪ್ರೋಟೀನನ್ನು ಬೇರ್ಪಡಿಸಿದರು. ಎರಡೂ ಒಂದೇ ಎಂಬುದು ಅನಂತರ ತಿಳಿಯಿತು. ಇದರ ಪ್ರಮಾಣವೂ ಬಹು ಮುಖ್ಯ. ಇದನ್ನು ತಯಾರಿಸುವ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದಿಲ್ಲದಿದ್ದರೂ ಇಲಿಯ ಭ್ರೂಣ ಗರ್ಭದಲ್ಲಿಯೇ ಸಾಯುತ್ತದೆಂದು 1996ರಲ್ಲಿ ಸಿದ್ಧವಾಯಿತು.

ಉಪಕಾರಿಯೇ ಅಪಕಾರಿ

ಕಡಮೆಯಾದರೆ ಪ್ರಾಣಕ್ಕೆ ಎರವಾಗುವ ಈ ವಸ್ತು, ಮಿತಿಮೀರಿದರೆ ಕಣ್ಣಿಗೆ ಎರವಾಗುತ್ತದೆ. ಸಕ್ಕರೆ ಕಾಯಿಲೆ ಬಹುಕಾಲ ಹತೋಟಿಯಲ್ಲಿಲ್ಲದಿದ್ದರೆ ಕಣ್ಣಿನ ಹಿಂಭಾಗದ ಅಕ್ಷಿಪಟಲದ, ಎಂದರೆ ರೆಟಿನಾದ, ಸೂಕ್ಷ್ಮ ನಾಳಗಳು ಕೆಟ್ಟು ಮುಚ್ಚಿಹೋಗುತ್ತವೆ. ಆಮ್ಲಜನಕ ದೊರೆಯದ ಅಕ್ಷಿಪಟಲ ವರ್ಧಕವನ್ನು ಅಧಿಕವಾಗಿ ಸ್ರವಿಸುತ್ತದೆ. ನಾಳಗಳಿಂದ ದ್ರವ ಸೋರಿ ಅಕ್ಷಿಪಟಲದ ನಡುಭಾಗ ಊದಿಕೊಳ್ಳುತ್ತದೆ. ಹೊಸದಾಗಿ ಹುಟ್ಟುವ ನಾಳಗಳೂ ದುರ್ಬಲ. ಅವು ಒಡೆದು ಕಣ್ಣಿನೊಳಗೆ ರಕ್ತಸ್ರಾವವಾಗುತ್ತದೆ.

ಚೆನ್ನೈಯ ಅನುಭವ

2005ರಲ್ಲಿ ಪ್ರಕಟವಾದ ಚೆನ್ನೈ ನಗರದ ಸಮೀಕ್ಷೆಯೊಂದರಲ್ಲಿ ಮಧುಮೇಹಿಗಳ ಪೈಕಿ ಶೇಕಡ 17.6 ಮಂದಿಗೆ ಅಕ್ಷಿಪಟಲದ ಈ ರೋಗ ಕಂಡುಬಂದಿತು. ಆರಂಭದಲ್ಲಿ ನೋವಿಲ್ಲ, ದೃಷ್ಟಿಯೂ ಮಂಕಾಗುವುದಿಲ್ಲ. ಆದುದರಿಂದ "ಪತ್ರಿಕೆ ಓದಲು ಬರುತ್ತದೆ, ಕಣ್ಣು ಚೆನ್ನಾಗಿದೆ" ಎಂಬ ಭರವಸೆ ಸಲ್ಲದು. ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿಸುವ ಪರೀಕ್ಷೆಯೂ ಸಾಲದು.

ಮಧುಮೇಹವೆಂದು ತಿಳಿದ ನಡುವಯಸ್ಸಿನವರು ಕೂಡಲೇ, ಅನಂತರ ವೈದ್ಯರು ಬೇರೆ ಹೇಳದಿದ್ದರೆ ವರ್ಷಕ್ಕೊಮ್ಮೆ, ಕಣ್ಣಿಗೆ ಔಷಧಿ ಹಾಕಿಸಿ ಪಾಪೆಯನ್ನು ಹಿಗ್ಗಿಸಿ ಅಕ್ಷಿಪಟಲವನ್ನು ಪರೀಕ್ಷೆ ಮಾಡಿಸಬೇಕು. ಮಧುಮೇಹವಿರುವ ಗರ್ಭಿಣಿಯರು ಮೊದಲ ತಿಂಗಳುಗಳಲ್ಲಿಯೇ ತೋರಿಸಿಕೊಳ್ಳುವುದು ಲೇಸು. ಔಷಧಿ ಹಾಕಿದ ಮೇಲೆ ಕೆಲವು ಗಂಟೆ ದೃಷ್ಟಿ ಮಂಜಾಗುವುದರಿಂದ ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯಬೇಕು.

ಈ ನಗರದಲ್ಲಿ ಅದಕ್ಕೆ ಅನುಕೂಲಗಳಿಗೆ ಕೊರತೆಯಿಲ್ಲ. ಎಗ್ಮೋರಿನ ಸರ್ಕಾರಿ ಕಣ್ಣಾಸ್ಪತ್ರೆಯ ಇತಿಹಾಸ 1819ರಿಂದ ಆರಂಭವಾಗುತ್ತದೆ. ಡಾ. ಎಸ್. ಎಸ್. ಬದರೀನಾಥ್ ಅವರು ಸ್ಥಾಪಿಸಿದ ಶಂಕರ ನೇತ್ರಾಲಯ 1978ರಿಂದ ಸೇವೆ ಸಲ್ಲಿಸುತ್ತಿದೆ.

ಚಿಕಿತ್ಸೆಯ ಮಾರ್ಗಗಳು ಮುಖ್ಯವಾಗಿ ಎರಡು. ಲೇಸರ್ ಕಿರಣಗಳಿಂದ ಅಕ್ಷಿಪಟಲದ ಅಂಚಿನ ಭಾಗಗಳನ್ನು ಸುಟ್ಟು ಆಮ್ಲಜನಕದ ಬೇಡಿಕೆಯನ್ನು ತಗ್ಗಿಸುವುದು ಒಂದು. ವರ್ಧಕವನ್ನು ತಡೆಯುವ ಔಷಧಿಯನ್ನು ಕಣ್ಣಿನೊಳಗೆ ಚುಚ್ಚುವುದು ಇನ್ನೊಂದು. ಚುಚ್ಚುಮದ್ದು ಹಲವು ಬಾರಿ ಬೇಕಾಗುವುದರಿಂದ, ಸ್ವಲ್ಪ ಗುಣ ಕಂಡೊಡನೆ ನಿಲ್ಲಿಸಬಾರದು. ಆದರೆ ನಷ್ಟವಾದ ದೃಷ್ಟಿಯೆಲ್ಲ ಮರಳುವುದೆಂಬ ಖಾತರಿಯಿಲ್ಲ.

ಸಕ್ಕರೆ ಮತ್ತು ರಕ್ತದೊತ್ತಡಗಳನ್ನು ಹತೋಟಿಯಲ್ಲಿಡುವುದು, ಕಣ್ಣು ಕಾಣುತ್ತಿರುವಾಗಲೇ ಕಣ್ಣನ್ನು ತೋರಿಸುವುದು: ದೃಷ್ಟಿಯ ರಕ್ಷಣೆಗೆ ಇವೇ ನಂಬಿಕೆಯ ದಾರಿಗಳು.