ಸಂಧಿವಾತದಲ್ಲಿ ರಕ್ತಪರೀಕ್ಷೆಯ ಸಾಕ್ಷ್ಯ

ಕೈಕಾಲುಗಳ ಕೀಲುಗಳು ಬಾವುಗೊಂಡು, ಮುಂಜಾನೆ ಬಹಳ ಹೊತ್ತಿನವರೆಗೆ ಬಿಗಿದುಕೊಂಡಿರುವುದು ರುಮಟಾಯ್ಡ್ ಸಂಧಿವಾತದ ಮುಖ್ಯ ಲಕ್ಷಣವಾಗಿದೆ. ಶರೀರದ ರಕ್ಷಣಾವ್ಯವಸ್ಥೆಯೇ ದಾರಿತಪ್ಪಿ ಕೀಲಿನ ಒಳಪೊರೆಯ ಮೇಲೆ ಎರಗುವುದರಿಂದ ಹುಟ್ಟುವ ಈ ಉರಿಯೂತವು ವರ್ಷಾನುಗಟ್ಟಲೆ ಉಳಿಯುವಂಥದು. ಒಮ್ಮೆ ಕೆರಳುತ್ತದೆ, ಒಮ್ಮೆ ತಗ್ಗುತ್ತದೆ. ಇದರಿಂದ ಸವೆದ ಮೂಳೆಯು ಮತ್ತೆ ಮೊದಲಿನಂತಾಗುವುದು ದುರ್ಲಭ. ಆದುದರಿಂದ ರೋಗದ ತೀವ್ರತೆಯನ್ನು ಕಾಲಕಾಲಕ್ಕೆ ಅಳೆಯುವುದು ಅವಶ್ಯಕ. ಇದಕ್ಕೆ ಮುಖ್ಯವಾಗಿ ಎರಡು ರಕ್ತಪರೀಕ್ಷೆಗಳು ನೆರವಾಗುತ್ತವೆ.

ಮೊದಲನೆಯದು ಇ.ಎಸ್.ಆರ್., ಅಂದರೆ ಕೆಂಪು ರಕ್ತಕಣಗಳು ಕೆಳಗಿಳಿಯುವ ವೇಗ. ಗರ್ಭಿಣಿಯರ ರಕ್ತದಲ್ಲಿ ಈ ವೇಗವು ಹೆಚ್ಚಿರುವುದನ್ನು ಸ್ವೀಡನ್ನಿನ ರಾಬಿನ್ ಫೋರೇಯಸ್ ಅವರು 1918ರಲ್ಲಿ ಪ್ರಕಟಿಸಿದರು. ಅದೇ ದೇಶದ ಆಲ್ಫ್ ವೆಸ್ಟರ್‌ಗ್ರೆನ್ ಅವರು 1921ರಲ್ಲಿ ಅಳೆಯುವ ಕ್ರಮವನ್ನು ವಿವರಿಸಿದರು. ಹೆಪ್ಪುಗಟ್ಟದಂತೆ ಮಾಡಿದ ರಕ್ತವನ್ನು ನೆಟ್ಟಗೆ ನಿಲ್ಲಿಸಿದ ಕೊಳವೆಯಲ್ಲಿಟ್ಟು, ಒಂದು ಗಂಟೆಯಲ್ಲಿ ಕಣಗಳು ಎಷ್ಟು ಮಿಲಿಮೀಟರ್ ಇಳಿದವೆಂಬುದನ್ನು ನೋಡುತ್ತಾರೆ. ಉರಿಯೂತವಿದ್ದಾಗ ರಕ್ತದಲ್ಲಿ ಫೈಬ್ರಿನೋಜೆನ್ ಎಂಬ ಪ್ರೋಟೀನು ಹೆಚ್ಚುತ್ತದೆ. ಆಗ ಕಣಗಳು ನಾಣ್ಯಗಳ ಅಡಕಿಲಿನಂತೆ ಒಂದಕ್ಕೊಂದು ಕೂಡಿಕೊಂಡು ಬೇಗನೆ ಇಳಿಯುತ್ತವೆ. ಆದರೆ ರಕ್ತಹೀನತೆ, ಗರ್ಭಾವಸ್ಥೆ, ಮುಪ್ಪು ಇವೂ ಈ ವೇಗವನ್ನು ಹೆಚ್ಚಿಸುವುದುಂಟು.

ಎರಡನೆಯದು ಸಿ.ಆರ್.ಪಿ. ಎಂಬ ಪ್ರೋಟೀನಿನ ಪರೀಕ್ಷೆ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ಸಂಶೋಧಕರು 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದರ ಇರುವನ್ನು ಗುರುತಿಸಿದರು. ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ ವಸ್ತುವಿನ ಪ್ರಚೋದನೆಯಿಂದ ಯಕೃತ್ತು ಇದನ್ನು ಉತ್ಪಾದಿಸುತ್ತದೆ. ಕೆಲವೇ ಗಂಟೆಗಳಲ್ಲಿ ಏರತೊಡಗುವ ಇದು, ಉತ್ಪಾದನೆ ನಿಂತಮೇಲೆ ಸುಮಾರು 19 ಗಂಟೆಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಇ.ಎಸ್.ಆರ್. ಇಳಿಯಲು ವಾರಗಳೇ ಹಿಡಿಯಬಹುದು. ಆದಕಾರಣ ಸದ್ಯದ ಸ್ಥಿತಿಯನ್ನರಿಯಲು ಸಿ.ಆರ್.ಪಿ.ಯೇ ಹೆಚ್ಚು ಉಪಯುಕ್ತ.

ಹೀಗಿದ್ದರೂ ಈ ಅಂಕಿಗಳನ್ನೇ ನಂಬಿ ಕೂರಲಾಗದು. ಬೇರಾವುದೋ ಸೋಂಕು ತಗುಲಿದರೂ ಇವು ಏರುತ್ತವೆ; ಕೀಲುಗಳು ಊದಿಕೊಂಡಿದ್ದರೂ ಕೆಲವು ರೋಗಿಗಳಲ್ಲಿ ಎರಡೂ ಸಹಜ ಮಿತಿಯಲ್ಲಿಯೇ ಇರುತ್ತವೆ. ಟೋಸಿಲಿಜುಮಾಬ್ ಎಂಬ ಔಷಧವು ಇಂಟರ್‌ಲ್ಯೂಕಿನ್-6ರ ಕಾರ್ಯವನ್ನೇ ತಡೆಯುವುದರಿಂದ, ಅದನ್ನು ಪಡೆಯುತ್ತಿರುವವರಿಗೆ ಗಂಭೀರ ಸೋಂಕಾದಾಗಲೂ ಸಿ.ಆರ್.ಪಿ. ಏರದೆ ಇರಬಹುದು. ಈ ಕಾರಣದಿಂದಲೇ ಡಾಸ್-28 ಎಂಬ ಮಾಪನದಲ್ಲಿ ವೈದ್ಯರು 28 ಕೀಲುಗಳನ್ನು ಮುಟ್ಟಿ ಪರೀಕ್ಷಿಸಿ, ನೋವು ಮತ್ತು ಬಾವುಗಳಿರುವ ಕೀಲುಗಳನ್ನು ಎಣಿಸಿ, ರೋಗಿಯ ಸ್ವಂತ ಅನುಭವವನ್ನು ಕೇಳಿ, ಅವುಗಳೊಡನೆ ರಕ್ತದ ಅಂಕಿಯನ್ನು ಸೇರಿಸಿ ಲೆಕ್ಕಹಾಕುತ್ತಾರೆ.

ವರದಿಯಲ್ಲಿ ಅಂಕಿ ಇಳಿದಿದೆಯೆಂದು ಔಷಧವನ್ನು ತಾನಾಗಿಯೇ ನಿಲ್ಲಿಸುವ ರೋಗಿಯು ಕೀಲುಗಳನ್ನು ಕಳೆದುಕೊಳ್ಳುವ ಅಪಾಯವುಂಟು. ಆದುದರಿಂದ ರಕ್ತದ ಸಾಕ್ಷ್ಯದೊಡನೆ ಕೀಲಿನ ಸಾಕ್ಷ್ಯವನ್ನೂ ವೈದ್ಯರ ಮುಂದಿಟ್ಟು, ಅವರ ಸಲಹೆಯಂತೆ ನಡೆಯುವುದೇ ಕ್ಷೇಮಕರ.