ಸಿಂಬೆ ಸುತ್ತಿದ ಬೇರು

ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಲಿಂಗದಹಳ್ಳಿ ಕಡೆಯ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಅಡಿಕೆ ತೋಟದ ತಂಪು ಮುಖಕ್ಕೆ ತಗಲುತ್ತದೆ. ಅದೇ ಸ್ಟ್ಯಾಂಡಿನಿಂದ ಅಜ್ಜಂಪುರದ ಬಸ್ಸು ಹತ್ತಿದರೆ ಈರುಳ್ಳಿ ಹೊಲ, ರಾಗಿ ಹೊಲ, ಆಮೇಲೆ ಬಟಾಬಯಲು. ಮುಂಗಾರಿನ ಮೋಡವನ್ನು ಬಾಬಾಬುಡನ್‌ಗಿರಿ ಸಾಲು ತನ್ನ ಕಡೆಗೇ ಹಿಂಡಿಕೊಂಡು, ಉಳಿದ ಹನಿಯನ್ನು ಪೂರ್ವದವರಿಗೆ ಬಿಡುತ್ತದೆ. ಕಡೂರಿನ ಹೊತ್ತಿಗೆ ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸಿಗೆ ಇಳಿದಿರುತ್ತದೆ. ನಾನು ಮನೆ ಕಟ್ಟಿಸಿದ್ದು ಅಜ್ಜಂಪುರದ ಬಸ್ಸು ಹೋಗುವ ದಿಕ್ಕಿನಲ್ಲಿ. ಕೈತೋಟ ಮಾಡಲು ಹೊರಟಿದ್ದು ಮಾತ್ರ ಲಿಂಗದಹಳ್ಳಿ ಬಸ್ಸಿನವನ ಹಾಗೆ. ಮೊದಲ ಎರಡೂವರೆ ವರ್ಷದಲ್ಲಿ ಸತ್ತ ಗಿಡ ಮೂವತ್ತೇಳು. ಲೆಕ್ಕ ಇಟ್ಟವಳು ನನ್ನ ಹೆಂಡತಿ.

ತಪ್ಪಿಗೆ ಮೂಲ ಕೆಮ್ಮಣ್ಣುಗುಂಡಿ. ನಮ್ಮ ತಾಲ್ಲೂಕಿನದೇ ಬೆಟ್ಟ, ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯುತ್ತಿದ್ದ ಜಾಗ. ಅಲ್ಲಿನ ತೋಟ ತೋಟಗಾರಿಕೆ ಇಲಾಖೆಯದು. ಮೇಷ್ಟರಾಗಿದ್ದಾಗ ಮಕ್ಕಳನ್ನು ಪ್ರವಾಸಕ್ಕೆಂದು ಎಷ್ಟು ಸಲ ಅಲ್ಲಿಗೆ ಹತ್ತಿಸಿದೆನೋ, ಅಷ್ಟು ಸಲವೂ ಅಲ್ಲಿನ ಗುಲಾಬಿ ನೋಡಿ 'ರಿಟೈರಾದ ಮೇಲೆ ಇಂಥದೊಂದು' ಅಂದುಕೊಂಡಿದ್ದೆ. ಆ ಗುಲಾಬಿ ಇರುವುದು 1400 ಮೀಟರಿಗೂ ಮೇಲೆ, ಬೆಳಗಿನ ಮಂಜಿನಲ್ಲಿ ಎಲೆ ತೊಯ್ದುಕೊಂಡು ನಿಲ್ಲುವ ಜಾಗದಲ್ಲಿ ಅನ್ನುವುದನ್ನು ಮಕ್ಕಳಿಗೆ ಭೂಗೋಳ ಹೇಳಿಕೊಟ್ಟ ಮನುಷ್ಯನೇ ಮರೆತಿದ್ದ.

2014ರಲ್ಲಿ ನಿವೃತ್ತಿಯಾಯಿತು. ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ಹುಲ್ಲುಹಾಸು ಹಾಕಿಸಿದೆ. ಸುತ್ತ ಗುಲಾಬಿ, ಡೇಲಿಯಾ, ಮೂಲೆಗೊಂದು ದೇವಕಣಗಲೆ, ರಸ್ತೆ ಬದಿಗೆ ನೆರಳಿಗಿರಲಿ ಎಂದು ಮೂರು ಹೊಂಗೆ. ಹುಲ್ಲಿನ ಕಥೆ ಬೇಗ ಮುಗಿಯುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ನೀರು ಅಂದರೆ ಒಂದು ಲೀಟರು. ನಮ್ಮ ಹುಲ್ಲುಹಾಸು ಸುಮಾರು 56 ಚದರ ಮೀಟರು. ಬೇಸಿಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರು ಕೊಟ್ಟರೂ 280 ಲೀಟರು ಬೇಕು. ನಮ್ಮ ಹಿತ್ತಾಳೆ ಬಿಂದಿಗೆಗೆ ಹದಿನೈದು ಲೀಟರು ಹಿಡಿಯುತ್ತದೆ. ದಿನಾ ಹತ್ತೊಂಬತ್ತು ಬಿಂದಿಗೆ, ದನವೂ ಮೇಯದ ಹುಲ್ಲಿಗೆ! ಈ ಲೆಕ್ಕವನ್ನು ಹುಲ್ಲು ಹಾಕಿಸುವ ಮುಂಚೆ ಮಾಡಿದ್ದರೆ ಮೇಷ್ಟರ ಬುದ್ಧಿವಂತಿಕೆ ಎನ್ನಬಹುದಿತ್ತು. ನಾನು ಮಾಡಿದ್ದು ಬೋರ್‌ವೆಲ್ ಬುಸ್ ಎಂದು ಗಾಳಿ ಬಿಟ್ಟ ಮೇಲೆ.

ದೇವಕಣಗಲೆಯ ಸಾವು ಮಾತ್ರ ನೀರಿಲ್ಲದೆ ಆದದ್ದಲ್ಲ. ಮಾಘ ಮಾಸದಲ್ಲಿ ಎಲೆಯೆಲ್ಲ ಉದುರಿಸಿ, ಜಿಂಕೆ ಕೊಂಬಿನಂಥ ಬೋಳು ರೆಂಬೆ ಹೊತ್ತು ನಿಂತಿತ್ತು. ಒಣಗುತ್ತಿದೆ ಎಂದು ಹೆದರಿ ದಿನಾ ಎರಡು ಬಕೆಟ್ ಸುರಿದೆ. ಇಪ್ಪತ್ತು ದಿನದಲ್ಲಿ ಬುಡ ಮೆತ್ತಗಾಗಿ, ಬೆರಳಲ್ಲಿ ಒತ್ತಿದರೆ ಒಳಕ್ಕೆ ಹೋಯಿತು. "ಮಲಗಿರೋರನ್ನ ಎಬ್ಬಿಸಿ ಕೂರಿಸಿ ಬಾಯಿಗೆ ಅನ್ನ ತುರುಕಿದ್ರಿ" ಅಂದಳು ಹೆಂಡತಿ. ಒಣನಾಡಿನ ಎಷ್ಟೋ ಗಿಡಗಳಿಗೆ ಎಲೆ ಉದುರಿಸುವುದೇ ನೀರು ಉಳಿಸುವ ದಾರಿ. ಎಲೆಯಿಲ್ಲದ ಗಿಡಕ್ಕೆ ಖರ್ಚಿಲ್ಲ, ಬೇರಿಗೆ ನೀರು ಹೀರುವ ಕೆಲಸವಿಲ್ಲ. ಕೆಲಸವಿಲ್ಲದ ಬೇರು ನೀರಿನಲ್ಲಿ ನೆಂದರೆ ಕೊಳೆಯುತ್ತದೆ.

ಆದರೆ ನನ್ನ ತಲೆ ತಿರುಗಿಸಿದ್ದು ಹೊಂಗೆ. ನರ್ಸರಿಯೊಂದರಿಂದ ಆಳೆತ್ತರದವನ್ನೇ ಆರಿಸಿ ತಂದಿದ್ದೆ. ಮಾರಿದವರು "ಹೊಂಗೆಗೆ ನೀರೇ ಬೇಡ ಸಾರ್, ತಾನೇ ಬರುತ್ತೆ" ಅಂದಿದ್ದರು. ಆದರೂ ಹನಿ ನೀರಾವರಿಯ ಪೈಪು ಎಳೆದು, ಬುಡಕ್ಕೇ ಹನಿ ಬೀಳುವಂತೆ ಮಾಡಿದ್ದೆ. 2016ರ ಬರದಲ್ಲಿ ಬೋರು ನಿಂತು ಪೈಪು ಒಣಗಿದ ಒಂದೂವರೆ ತಿಂಗಳಿಗೆ ಮೂರೂ ಹೊಂಗೆ ಗರಿಗರಿಯಾಗಿ ಒಣಗಿದವು. ಬರಕ್ಕೆ ಹೆಸರಾದ ಮರವೇ ಹೀಗೆ ಹೋದರೆ ಏನರ್ಥ ಎಂದು ಹಾರೆ ತಗೊಂಡು ಒಂದರ ಬುಡ ಅಗೆದೆ.

ಎರಡಡಿ ಅಗೆಯುವಷ್ಟರಲ್ಲಿ ಇಡೀ ಬೇರು ಕೈಗೆ ಬಂತು. ಪ್ಲಾಸ್ಟಿಕ್ ಚೀಲವನ್ನು ನಾನೇ ಹರಿದು ತೆಗೆದು ನೆಟ್ಟಿದ್ದೆ. ಆದರೂ ಬೇರು ಚೀಲದ ಆಕಾರದಲ್ಲೇ ಕೂತಿತ್ತು. ತಾಯಿಬೇರು ಚೀಲದ ತಳ ಮುಟ್ಟಿದಲ್ಲಿ ಅಡ್ಡ ತಿರುಗಿ, ಕೊಡ ಹೊರುವವರು ತಲೆಗಿಟ್ಟುಕೊಳ್ಳುವ ಸಿಂಬೆಯ ಹಾಗೆ ಮೂರು ಸುತ್ತು ಸುತ್ತಿಕೊಂಡಿತ್ತು. ಅದರಿಂದ ಹೊರಟ ಎಳೆ ಬೇರುಗಳೆಲ್ಲ ಮೇಲಕ್ಕೆ, ಹನಿ ಬೀಳುವ ಕಡೆಗೆ ಮುಖ ಮಾಡಿದ್ದವು. ಗುಂಡಿಗೆ ತುಂಬಿದ್ದ ಕೆರೆಗೋಡು, ಕೊಟ್ಟಿಗೆ ಗೊಬ್ಬರ ದಾಟಿ ಪಕ್ಕದ ಗರಸು ಮಣ್ಣಿಗೆ ಒಂದು ಬೇರೂ ಕಾಲಿಟ್ಟಿರಲಿಲ್ಲ. ನೆಲದಲ್ಲಿ ನೆಟ್ಟಿದ್ದೇನೆ ಅಂದುಕೊಂಡಿದ್ದೆ. ಗಿಡ ಎರಡೂವರೆ ವರ್ಷವೂ ಕುಂಡದಲ್ಲೇ ಇತ್ತು.

ಅಲ್ಲಿಂದ ನಾಲ್ಕು ಮಾರು ದೂರದಲ್ಲಿ, ಬೇಲಿಯಾಚೆಯ ಚರಂಡಿ ದಿಬ್ಬದಲ್ಲಿ, ಯಾರೂ ನೆಡದ ಒಂದು ಹೊಂಗೆ ಸಸಿ. ಮೊಳಕಾಲುದ್ದ ಇದ್ದೀತು. ಎಲೆ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿತ್ತು. ಕಿತ್ತು ತಂದು ಸತ್ತ ಗಿಡದ ಜಾಗದಲ್ಲಿ ಇಡೋಣ ಎಂದು ಎರಡೂ ಕೈಯಲ್ಲಿ ಹಿಡಿದು ಎಳೆದೆ. ಅಲ್ಲಾಡಲಿಲ್ಲ. ಅಂಗೈ ಸಿಪ್ಪೆ ಸುಲಿಯಿತು. ಮೇಲೆ ಮೊಳಕಾಲುದ್ದ ಇದ್ದದ್ದು ಕೆಳಗೆ ಎಷ್ಟಿತ್ತೋ.

ಅದೇ ವರ್ಷ ಹಳೆಯ ವಿದ್ಯಾರ್ಥಿಯೊಬ್ಬನ ಮದುವೆಗೆ ಕಡೂರು ತಾಲ್ಲೂಕಿನ ಬಾಸೂರು ಕಡೆ ಹೋಗಬೇಕಾಯಿತು. ಅಲ್ಲಿನ ಅಮೃತಮಹಲ್ ಕಾವಲು 2011ರಿಂದ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು. ನಮ್ಮ ಸೀಮೆಯಲ್ಲಿ ಕಾವಲು ಅಂದರೆ ಎಲ್ಲರಿಗೂ ಗೊತ್ತು. ಮೈಸೂರು ಅರಸರು ತಮ್ಮ ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲು. ಆ ದನಗಳ ಖಾತೆಗೆ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಹೆಸರಿತ್ತು, ಅಮೃತಮಹಲ್ ಎಂದು ಬದಲಿಸಿದ್ದು ಟಿಪ್ಪು. ಅಜ್ಜಂಪುರದ ತಳಿ ಕೇಂದ್ರದಲ್ಲಿ ಆ ದನಗಳನ್ನು ಇವತ್ತಿಗೂ ಸಾಕುತ್ತಾರೆ. ಈ ಇತಿಹಾಸವನ್ನು ಎಷ್ಟೋ ಸಲ ಪಾಠ ಹೇಳಿದ್ದೇನೆ. ಅಷ್ಟು ವರ್ಷದಿಂದ ಅಲ್ಲಿ ಯಾರೂ ಒಂದು ಚೊಂಬು ನೀರು ಹಾಕಿಲ್ಲವಲ್ಲ ಅನ್ನುವುದು ಹೊಳೆದದ್ದು ಮಾತ್ರ ಆ ದಿನ, ರಸ್ತೆ ಬದಿಗೆ ನಿಂತು ನೋಡುವಾಗ. ಬೈಕು ಪಂಕ್ಚರಾಗಿತ್ತು, ನೋಡದೆ ಬೇರೆ ಕೆಲಸವೂ ಇರಲಿಲ್ಲ.

ಹುಲ್ಲು ಒಣಗಿ ಗೋಧಿ ಬಣ್ಣಕ್ಕೆ ತಿರುಗಿತ್ತು. ರಸ್ತೆಯಂಚಿನಲ್ಲಿ ತಂಗಡಿ ಹಳದಿ ಹೂ ಬಿಟ್ಟಿತ್ತು. ಬಂದರಿಕೆಯ ಎಲೆ ಮುಟ್ಟಿದರೆ ಅರಗು ಸವರಿದ ಹಾಗೆ ಅಂಟಂಟು. ಆ ಅಂಟೇ ಅದಕ್ಕೆ ಬಿಸಿಲಿನ ಕೊಡೆ. ಕುರಿ ಹೊಡೆದುಕೊಂಡು ಬಂದ ಅಜ್ಜ ಒಬ್ಬರು ಬೀಡಿ ಹಚ್ಚಲು ನಿಂತರು. ನನ್ನ ಸತ್ತ ಗಿಡಗಳ ಪುರಾಣ ಕೇಳಿ, "ಮೇಷ್ಟ್ರೇ, ನೀರಿಲ್ದೆ ಬದುಕೋ ಗಿಡ ಯಾವ್ದು ಅಂತ ಕೇಳ್ಬೇಡಿ. ಕುರಿ ಬಾಯಿ ಹಾಕ್ದೇ ಇರೋದು ಯಾವ್ದು ಅಂತ ಕೇಳಿ. ಬರ ಬಂದಾಗ ಬಿಸ್ಲಿಗಿಂತ ಮುಂಚೆ ನಾವು ಬರ್ತೀವಿ" ಅಂದರು.

ತಮಾಷೆಗೆ ಹೇಳಿದ ಮಾತಲ್ಲ ಅದು. ಬರಗಾಲದಲ್ಲಿ ಎಲ್ಲೆಲ್ಲೂ ಹಸಿರು ಮುಗಿದಾಗ ನಮ್ಮ ಬೇಲಿಯೊಳಗಿನ ನಾಲ್ಕೆಲೆ ಊರ ದನಕರುವಿನ ಕಣ್ಣಿಗೆ ಬೀಳುತ್ತದೆ. ಅಜ್ಜ ಬೆರಳು ಮಡಚಿ ಹೇಳಿದ್ದು ತಂಗಡಿ, ಬಂದರಿಕೆ, ಲಕ್ಕಿ, ಎಕ್ಕ, ಕಣಗಲೆ. ನನ್ನ ಈಗಿನ ತೋಟದ ಹೊರಸುತ್ತು ಇದೇ ಪಟ್ಟಿ. ಕಣಗಲೆಯ ಬಗ್ಗೆ ಮಾತ್ರ ಒಂದು ಎಚ್ಚರ. ಅದರ ಎಲೆ, ಕಡ್ಡಿ, ಹೂ ಎಲ್ಲವೂ ವಿಷ. ಸವರಿದ ಕಡ್ಡಿಯನ್ನು ಒಮ್ಮೆ ಬೇಲಿಯಾಚೆ ಎಸೆದಿದ್ದೆ. ಪಕ್ಕದ ಮನೆಯ ಕರು ಮೂಸಿ ನೋಡುವಷ್ಟರಲ್ಲಿ ಹೆಂಡತಿ ಓಡಿ ಹೋಗಿ ಎತ್ತಿಕೊಂಡು ಬಂದಳು. ಆ ದಿನ ನನಗೆ ಬಿದ್ದ ಬೈಗುಳವನ್ನು ಇಲ್ಲಿ ಬರೆಯುವುದು ಬೇಡ.

ಕಾವಲಿನೊಳಗಿಂದ ಏನನ್ನೂ ತರಲಿಲ್ಲ, ತರಲೂಬಾರದು. ತಂಗಡಿ ಬೀಜ ರಸ್ತೆ ಬದಿಯಲ್ಲೇ ಬೇಕಾದಷ್ಟು ಸಿಗುತ್ತದೆ. ಅದರ ಸಿಪ್ಪೆ ಗಟ್ಟಿ. ಒರಟು ಕಲ್ಲಿನ ಮೇಲೆ ತಿಕ್ಕಿ ಒಂದು ರಾತ್ರಿ ನೆನೆಸಿ, ನಿಲ್ಲಬೇಕಾದ ಜಾಗದಲ್ಲೇ ಊರಿದೆ. ಹೊಂಗೆಯದೂ ಅಷ್ಟೆ, ಬೇಸಿಗೆಯಲ್ಲಿ ಉದುರಿದ ಕಾಯಿ ಒಡೆದು ಒಂದೊಂದು ಗುಣಿಗೆ ಮೂರು ಬೀಜ. ಬೇವಿನ ಬೀಜವನ್ನು ಡಬ್ಬಿಯಲ್ಲಿಟ್ಟು ಮರೆತು, ಮೂರು ತಿಂಗಳ ಮೇಲೆ ಹಾಕಿದ್ದು ಒಂದೂ ಹುಟ್ಟಲಿಲ್ಲ. ಅದರ ಜೀವ ಕೆಲವೇ ವಾರ, ಹಣ್ಣು ಬಿದ್ದ ಹಾಗೇ ತೊಳೆದು ಊರಬೇಕು. ನರ್ಸರಿಗೆ ಕಾಲಿಡುವುದನ್ನೇನೂ ಬಿಟ್ಟಿಲ್ಲ. ಆದರೆ ಈಗ ಆಳೆತ್ತರದ ಗಿಡದ ಕಡೆ ತಿರುಗಿಯೂ ನೋಡುವುದಿಲ್ಲ. ಗೇಣುದ್ದದ್ದು ಕೇಳುತ್ತೇನೆ, ಚೀಲದ ತಳ ಹಿಸುಕಿ ನೋಡುತ್ತೇನೆ. ಗಂಟು ಕೈಗೆ ಸಿಕ್ಕರೆ ವಾಪಸ್ಸು ಇಡುತ್ತೇನೆ. ಅಂಗಡಿಯವರು ಮಾವಿನಹಣ್ಣು ಹಿಸುಕುವವನನ್ನು ನೋಡುವ ಹಾಗೆ ನೋಡುತ್ತಾರೆ.

ನೀರಿನ ಕ್ರಮವೂ ತಲೆಕೆಳಗಾಯಿತು. ದಿನಾ ಒಂದು ಚೊಂಬು ಬಿಟ್ಟು, ಮೊದಲ ಬೇಸಿಗೆಯಲ್ಲಿ ಹತ್ತು ಹನ್ನೆರಡು ದಿನಕ್ಕೊಮ್ಮೆ ಎರಡು ಬಿಂದಿಗೆ, ಒಂದೇ ಸಲ. ಪಾತಿಯನ್ನು ಬುಡದಿಂದ ಒಂದು ಮೊಳ ಆಚೆಗೆ ಸುತ್ತಲೂ ತೋಡಿದೆ. ನೀರು ಅಲ್ಲಿಂದ ಆಳಕ್ಕೆ ಇಳಿಯುತ್ತದೆ, ಬೇರು ಹುಡುಕಿಕೊಂಡು ಹಿಂದೆ ಹೋಗುತ್ತದೆ. ಎರಡನೇ ಬೇಸಿಗೆ ಇಪ್ಪತ್ತು ದಿನಕ್ಕೊಮ್ಮೆ. ಮೂರನೆಯದಕ್ಕೆ ಬಿಂದಿಗೆ ಎತ್ತಲಿಲ್ಲ. ಆ ಮೂರನೇ ವರ್ಷ ಸಂಜೆ ಹೊತ್ತು ಗಿಡಗಳ ಎಲೆ ಜೋತು ಬಿದ್ದಾಗ ಕೈ ಕಟ್ಟಿ ಕೂರುವುದಿದೆಯಲ್ಲ, ಪರೀಕ್ಷೆ ಹಾಲಿನಲ್ಲಿ ಗೊತ್ತಿರುವ ಉತ್ತರವನ್ನು ಹುಡುಗರಿಗೆ ಹೇಳದೆ ಕೂರುವುದಕ್ಕಿಂತ ಕಷ್ಟ. ಬೆಳಿಗ್ಗೆ ಎದ್ದು ನೋಡಿದರೆ ಎಲೆ ನೆಟ್ಟಗೆ ನಿಂತಿರುತ್ತಿತ್ತು. ಬೆಳಿಗ್ಗೆಯೂ ಜೋತಿದ್ದರೆ ಮಾತ್ರ ನೀರು, ಇದು ನಾನು ಮಾಡಿಕೊಂಡ ನಿಯಮ.

ಮುಚ್ಚಿಗೆಗೆ ನಮ್ಮೂರಲ್ಲಿ ಬರವಿಲ್ಲ. ಅಡಿಕೆ ಸುಲಿದ ಸಿಪ್ಪೆಯನ್ನು ರಸ್ತೆ ಬದಿಗೆ ಗುಡ್ಡೆ ಹಾಕಿ ಬೆಂಕಿ ಇಡುತ್ತಾರೆ, ವಾರಗಟ್ಟಲೆ ಹೊಗೆ. ಎರಡು ಗಾಡಿ ಹೇರಿಸಿ ತಂದು ಗಿಡಗಳ ಸುತ್ತ ಒಂದು ಗೇಣು ದಪ್ಪ ಹರಡಿದೆ. ಸಿಪ್ಪೆಯಡಿಯ ಮಣ್ಣು ಮಧ್ಯಾಹ್ನದಲ್ಲೂ ತಣ್ಣಗಿರುತ್ತಿತ್ತು. ಒಣ ಕೆಮ್ಮಣ್ಣಿನಲ್ಲಿ ಇದಕ್ಕೆ ಕಂದಾಯ ವಸೂಲಿ ಮಾಡಲು ಗೆದ್ದಲು ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಬುಡಕ್ಕೆ ತಾಗಿಸಿ ಹಾಕಿದ್ದ ಎರಡು ಸೀತಾಫಲದ ತೊಗಟೆ ತಿಂದು ಹಾಕಿತು. ಈಗ ಬುಡದ ಸುತ್ತ ಒಂದು ಗೇಣು ಬರಿಯ ನೆಲ ಬಿಡುತ್ತೇನೆ.

ಬರ ತಡೆಯುತ್ತದೆ ಅನ್ನುವುದೊಂದೇ ಕಾರಣಕ್ಕೆ ಗಿಡ ತರಬಾರದು ಎಂಬುದಕ್ಕೆ ಬಳ್ಳಾರಿ ಜಾಲಿ ಸಾಕ್ಷಿ. ಅದನ್ನು ಮೀರಿಸಿದ ಬರದ ಗಿಡ ಉಂಟೇ? ಒಮ್ಮೆ ಕಾಲೂರಿದರೆ ಬೇರೆ ಯಾವುದಕ್ಕೂ ಜಾಗ ಬಿಡುವುದಿಲ್ಲ. ಲಂಟಾನವೂ ಅದೇ ಜಾತಿ. ಇನ್ನು ಹೂವಿನ ಆಸೆ ಬಿಡಬೇಕೇ ಎಂದು ಕೇಳುವವರಿಗೆ ನನ್ನ ಅಂಗಳದಲ್ಲಿ ನಿತ್ಯಪುಷ್ಪ, ಕಾಗದದ ಹೂ, ಕಾಕಡ, ಸಂಜೆಮಲ್ಲಿಗೆ ಇವೆ. ಸಂಜೆಮಲ್ಲಿಗೆ ಬೇಸಿಗೆಯಲ್ಲಿ ಮೇಲೆ ಪೂರ್ತಿ ಒಣಗಿ, ನೆಲದೊಳಗಿನ ಗೆಡ್ಡೆಯಿಂದ ಮಳೆಗೆ ಮತ್ತೆ ಎದ್ದು ಬರುತ್ತದೆ. ಲೋಳೆಸರ ಹಗಲೆಲ್ಲ ಎಲೆಯ ರಂಧ್ರ ಮುಚ್ಚಿಕೊಂಡು ರಾತ್ರಿಯ ತಂಪಿನಲ್ಲಿ ಉಸಿರಾಡುವ ಗಿಡ, ಮೆಟ್ಟಿಲ ಪಕ್ಕ ನೆಟ್ಟು ಮರೆತೇಬಿಟ್ಟಿದ್ದೇನೆ. ಹುಲ್ಲುಹಾಸಿನ ಜಾಗದಲ್ಲಿ ಈಗ ನೆಲ್ಲಿ, ನುಗ್ಗೆ, ಒಂದು ಎಲಚಿ.

2023ರಲ್ಲಿ ಮತ್ತೆ ಬರ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದ ವರ್ಷ. ಭದ್ರಾ ಅಣೆಕಟ್ಟು ನಮ್ಮ ತಾಲ್ಲೂಕಿನ ಲಕ್ಕವಳ್ಳಿಯಲ್ಲೇ ಇದೆ, ಆದರೂ ನಮ್ಮ ಬಡಾವಣೆಗೆ ನೀರು ಬಂದದ್ದು ಟ್ಯಾಂಕರಿನಲ್ಲಿ. ಗಿಡಕ್ಕೆ ಒಂದು ಹನಿ ಹಾಕುವ ಹಾಗಿರಲಿಲ್ಲ. ಕಾಕಡ ಅರ್ಧ ಹೋಯಿತು. ನೆಲ್ಲಿ ಕಾಯಿ ಕಚ್ಚಲಿಲ್ಲ. ಬೀಜದಿಂದ ಬಂದ ಎರಡು ಹೊಂಗೆ, ಆರು ವರ್ಷದವು, 2024ರ ಯುಗಾದಿ ಹೊತ್ತಿಗೆ ಎಲೆ ಉದುರಿಸಿ, ಸುತ್ತಲೆಲ್ಲ ಹೊಗೆಯಾಡುವಂಥ ಬಿಸಿಲಿನಲ್ಲಿ ಎಳೆ ಚಿಗುರು ಹೊದ್ದು ನಿಂತವು.

ಆ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಗೇಟಿನ ಹತ್ತಿರ ಕುರಿ ಮಂದೆ ನಿಂತಿತ್ತು. ಪೂರ್ವದ ಕಡೆಯಿಂದ ಅಡಿಕೆ ತೋಟಗಳಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸಲು ಹೊರಟವರು. ಬಾಸೂರಿನ ಅಜ್ಜನಲ್ಲ, ಮೀಸೆ ಈಗಷ್ಟೇ ಮೂಡಿದ ಹುಡುಗ. ತಂಗಡಿ, ಬಂದರಿಕೆ ಬೇಲಿಯನ್ನು ಕುರಿಗಳು ಮೂಸಿಯೂ ನೋಡದೆ ನಿಂತಿದ್ದವು. ಹುಡುಗನ ಕಣ್ಣು ಬೇಲಿ ದಾಟಿ ಎಲಚಿ ಮರದ ಮೇಲಿತ್ತು.

"ಸಾರ್, ಆ ಎಲಚಿ ಸೊಪ್ಪು ಒಂದೆರಡು ಕೊಂಬೆ ಸವರ್ಕೊಳ್ಲಾ? ಮರಿಗಳು ನಿನ್ನೆಯಿಂದ ಏನೂ ತಿಂದಿಲ್ಲ."

ದೋಟಿ ಕೊಟ್ಟೆ. ಮುಳ್ಳು ಕೈಗೆ ತರಚಿದರೂ ಲೆಕ್ಕಿಸದೆ ನಾಲ್ಕು ಕೊಂಬೆ ಇಳಿಸಿದ. ಮರಿಗಳು ಮುತ್ತಿಕೊಂಡು ಮುಳ್ಳು ಬಿಟ್ಟು ಎಲೆಯನ್ನಷ್ಟೇ ಬಿಡಿಸಿ ತಿನ್ನುವುದನ್ನು ನೋಡುತ್ತಾ ನಿಂತೆವು. ಮರ ಒಂದು ಮಗ್ಗುಲಿಗೆ ಬೋಳಾಯಿತು. ಹುಡುಗ ಮೇಲೆ ನೋಡಿ, ನನ್ನನ್ನು ನೋಡಿ, "ಆ ಕಡೆದೂ ಸ್ವಲ್ಪ ಸಾರ್?" ಅಂದ.

"ಚಿಗುರುತ್ತೇನೋ?" ಅಂದೆ.

"ಒಂದು ಮಳೆ ಬೀಳ್ಲಿ, ಇದಕ್ಕೆರಡರಷ್ಟು ಬರುತ್ತೆ" ಅನ್ನುತ್ತಲೇ ದೋಟಿ ಮೇಲೆತ್ತಿದ.