ಎಂಎಸ್ 60, 61, 62: ಕೊಳ್ಳಬೇಕೆ, ಬಿಡಬೇಕೆ? ನಾಣ್ಯ ಸಂಗ್ರಾಹಕರಿಗೆ 12 ಸೂತ್ರಗಳು

ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿ ಕೂಡಿಡುವವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ. ಸವೆದ ನಾಣ್ಯ ಸಾಕೆನಿಸಿದೆ; ಎಂಎಸ್ 65ರ ಬೆಲೆ ಕೇಳಿದರೆ ಎದೆ ಝಲ್ ಎನ್ನುತ್ತದೆ. ನಡುವೆ ಎಂಎಸ್ 60, 61, 62 ಎಂಬ ಚೀಟಿ ಅಂಟಿಸಿಕೊಂಡ ನಾಣ್ಯಗಳು ಕಾಯುತ್ತಿರುತ್ತವೆ. ಚಲಾವಣೆಗೆ ಹೋಗದ ನಾಣ್ಯ ಎಂಬ ಹೆಸರೂ ಇದೆ, ಬೆಲೆಯೂ ಕೈಗೆಟುಕುತ್ತದೆ. ಕೆಲವರು ಇವನ್ನು ಕಂಡರೆ ಮೂಗು ಮುರಿಯುತ್ತಾರೆ, ಕೆಲವರು ಕಣ್ಣುಮುಚ್ಚಿ ಬಾಚಿಕೊಳ್ಳುತ್ತಾರೆ. ಎರಡರಲ್ಲೂ ನಷ್ಟವಿದೆ. ಒಳ್ಳೆಯ 61 ಕೂಡ ಉಂಟು, ಕೆಟ್ಟ 61 ಕೂಡ ಉಂಟು. ಬೇರ್ಪಡಿಸುವ ಬಗೆ ಇಲ್ಲಿದೆ.

1. ಅಂಕ ಏನು ಹೇಳುತ್ತದೆ, ಮೊದಲು ತಿಳಿಯಿರಿ

1ರಿಂದ 70ರವರೆಗಿನ ಈ ಅಂಕಪಟ್ಟಿಯನ್ನು ಅಮೆರಿಕದ ಡಾ. ವಿಲಿಯಂ ಶೆಲ್ಡನ್ 1949ರಲ್ಲಿ ತಮ್ಮ ದೇಶದ ಹಳೆಯ ತಾಮ್ರದ ಸೆಂಟುಗಳಿಗೆಂದು ರೂಪಿಸಿದರು. ಈಗ ಪಿಸಿಜಿಎಸ್, ಎನ್‌ಜಿಸಿಯಂಥ ಗ್ರೇಡಿಂಗ್ ಸಂಸ್ಥೆಗಳು, ಅಂದರೆ ನಾಣ್ಯ ಪರೀಕ್ಷಿಸಿ ಅಂಕ ಕೊಡುವವು, ಜಗತ್ತಿನ ನಾನಾ ದೇಶಗಳ ನಾಣ್ಯಗಳಿಗೂ ಅದನ್ನೇ ಬಳಸುತ್ತವೆ. 60ರಿಂದ ಮೇಲೆ ‘ಮಿಂಟ್ ಸ್ಟೇಟ್’, ಅಂದರೆ ಎಂಎಸ್. ಕೈಯಿಂದ ಕೈಗೆ ಓಡಾಡಿ ಸವೆದ ಗುರುತು ಅದರ ಮೇಲೆ ಇರಬಾರದು. ಸವೆತ ಇಲ್ಲ ಎಂಬಲ್ಲಿಗೆ ಭರವಸೆ ಮುಗಿಯಿತು. ಗೀರು, ಪೆಟ್ಟು, ಮಂಕು ಎಷ್ಟಾದರೂ ಇರಬಹುದು. 60ರಿಂದ 62 ಎಂದರೆ ಸವೆಯದೆಯೂ ಅಂದಗೆಟ್ಟ ನಾಣ್ಯ ಎಂದೇ ಓದಿಕೊಳ್ಳಿ.

2. ‘61 ಯಾಕೆ?’ ಎಂದು ಕೇಳಿ

ಇಡೀ ವ್ಯವಹಾರದ ಕೀಲಿ ಇದೇ. ಅಂಕ ಕಳೆದುಹೋಗಲು ಮುಖ್ಯವಾಗಿ ಮೂರು ಕಾರಣ.

ಒಂದು, ಚೀಲದ ಗೀರು. ಟಂಕಸಾಲೆಯಿಂದ ರೂಪಾಯಿಗಳು ಚೀಲ ತುಂಬಿ ಹೊರಟಾಗ ಒಂದರ ಹಲ್ಲಿನಂಚು ಇನ್ನೊಂದರ ಮುಖಕ್ಕೆ ತಗಲುತ್ತಿತ್ತು. ಎರಡು, ಹೊಳಪು ಸತ್ತಿರುವುದು. ಯಾರೋ ಆಮ್ಲದಲ್ಲಿ ಅದ್ದಿ ಕಪ್ಪು ತೆಗೆದಿರುತ್ತಾರೆ, ಕಪ್ಪಿನ ಜೊತೆ ಜೀವವೂ ಹೋಗಿರುತ್ತದೆ. ಮೂರು, ಅಚ್ಚು ಸರಿಯಾಗಿ ಕೂರದಿರುವುದು.

ಮೊದಲನೆಯದನ್ನು ಕ್ಷಮಿಸಬಹುದು, ಜಾಗ ನೋಡಿಕೊಂಡು. ಏಳನೆಯ ಎಡ್ವರ್ಡ್ ರೂಪಾಯಿಯನ್ನು ತೆಗೆದುಕೊಳ್ಳಿ. ಬರಿತಲೆಯ ದೊರೆ, ದೊಡ್ಡ ಕೆನ್ನೆ, ಮುಂದೆ ಖಾಲಿ ಬಯಲು. ಆ ಕೆನ್ನೆಯ ಮೇಲೆ ಎರಡು ಮಿಲಿಮೀಟರಿನ ಒಂದು ಗೀರು ಬಿದ್ದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಅದೇ ಗೀರು ಗಡ್ಡದ ಎಳೆಗಳ ನಡುವೆ ಇದ್ದರೆ ಹುಡುಕಿದರೂ ಸಿಗುವುದು ಕಷ್ಟ. ಎರಡಕ್ಕೂ ಚೀಟಿಯಲ್ಲಿ 62 ಎಂದೇ ಬರೆದಿರಬಹುದು. ಗಡ್ಡದ ಗೀರಿನದು ಕೊಳ್ಳಿ, ಕೆನ್ನೆಯದು ಬಿಡಿ.

ಎರಡನೆಯ ಕಾರಣಕ್ಕೆ ಕ್ಷಮೆ ಇಲ್ಲ. ಹೋದ ಹೊಳಪು ಮರಳಿ ಬರುವುದಿಲ್ಲ. ಮೂರನೆಯದರಲ್ಲಿ ಆ ವರ್ಷದ ನಾಣ್ಯಗಳೆಲ್ಲ ಹಾಗೇ ಮೂಡಿವೆಯೇ ಎಂದು ಹರಾಜಿನ ಚಿತ್ರಗಳಲ್ಲಿ ಹೋಲಿಸಿ ನೋಡಿ, ಆಮೇಲೆ ತೀರ್ಮಾನಿಸಿ.

3. ವರ್ಷ ನೋಡದೆ ಅಂಕ ನೋಡಬೇಡಿ

1918ರ ರೂಪಾಯಿಯ ಕಥೆ ಕೇಳಿ. ಮೊದಲ ಮಹಾಯುದ್ಧದ ಹೊತ್ತಿಗೆ ಭಾರತದಲ್ಲಿ ಬೆಳ್ಳಿ ರೂಪಾಯಿಗೆ ಬೇಡಿಕೆ ಏರಿ ಸರ್ಕಾರದ ಬೆಳ್ಳಿ ದಾಸ್ತಾನು ಕರಗುತ್ತಿತ್ತು. 1918ರ ಏಪ್ರಿಲ್‌ನಲ್ಲಿ ಅಮೆರಿಕ ಪಿಟ್‌ಮನ್ ಕಾಯ್ದೆ ತಂದು ತನ್ನ 27 ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿತು. ಆ ಬೆಳ್ಳಿಯ ಬಹುಪಾಲು ಬ್ರಿಟಿಷರ ಮೂಲಕ ಭಾರತದ ಪಾಲಾಯಿತು. ಕಲ್ಕತ್ತ, ಬೊಂಬಾಯಿ ಟಂಕಸಾಲೆಗಳು ಅದೊಂದು ವರ್ಷದ ಅಂಕಿತದಲ್ಲೇ 40 ಕೋಟಿಗೂ ಮೀರಿ ರೂಪಾಯಿ ಹೊಡೆದವು. ಇಂಥ ನಾಣ್ಯದಲ್ಲಿ ಎಂಎಸ್ 63, 64 ಹುಡುಕಿದರೆ ಸಿಗುತ್ತದೆ. ಹಾಗಿರುವಾಗ 1918ರ ಎಂಎಸ್ 60ಕ್ಕೆ ಹೆಚ್ಚು ಹಣ ಕೊಡುವುದು ಅಗ್ಗಕ್ಕೆ ಸಿಕ್ಕಿತೆಂದು ಮುಗ್ಗಲು ಜೋಳ ಕೊಂಡ ಹಾಗೆ.

ಈಗ 1911ಕ್ಕೆ ಬನ್ನಿ. ಐದನೆಯ ಜಾರ್ಜ್‌ನ ಮೊದಲ ರೂಪಾಯಿ ಅದು. ದೊರೆಯ ನಿಲುವಂಗಿಯ ಮೇಲಿನ ಹಾರದಲ್ಲಿ ಒಂದು ಪುಟ್ಟ ಆನೆ. ಸೊಂಡಿಲು ಮೊಟಕಾಗಿ ಮೂಡಿದ್ದರಿಂದ ಜನರ ಕಣ್ಣಿಗೆ ಅದು ಹಂದಿಯಂತೆ ಕಂಡಿತು, ಗದ್ದಲವೆದ್ದಿತು. ಹೊಡೆದಿದ್ದ ಸುಮಾರು 94 ಲಕ್ಷದಲ್ಲಿ 7 ಲಕ್ಷದಷ್ಟು ಮಾತ್ರ ಹೊರಬಿದ್ದಿದ್ದವು. ಉಳಿದವನ್ನು ಕರಗಿಸಿ, 1912ರಿಂದ ಸೊಂಡಿಲು ತಿದ್ದಿದ ಅಚ್ಚು ಬಳಸಿದರು. ಉಳಿದದ್ದು ಕಡಿಮೆ, ಬೇಕೆನ್ನುವವರು ಬಹಳ. ಇದರಲ್ಲಿ ಹೊಳಪುಳ್ಳ ಎಂಎಸ್ 61 ಸಿಕ್ಕರೆ ಬಿಡಬೇಡಿ. 1835ರ ನಾಲ್ಕನೆಯ ವಿಲಿಯಂ, 1840ರ ವಿಕ್ಟೋರಿಯಾ ರೂಪಾಯಿಗಳಿಗೂ ಇದೇ ಮಾತು.

4. ಒಂದು ಮೆಟ್ಟಿಲು ಕೆಳಗೆ ಕಣ್ಣು ಹಾಯಿಸಿ

ಎಂಎಸ್ 60ರ ಕೆಳಗಿನ ಮೆಟ್ಟಿಲು ಎಯು 58. ಎಯು ಎಂದರೆ ‘ಅಬೌಟ್ ಅನ್‌ಸರ್ಕ್ಯುಲೇಟೆಡ್’, ಹೆಚ್ಚುಕಡಿಮೆ ಚಲಾವಣೆಗೆ ಹೋಗದ್ದು. ಇದರಲ್ಲಿ ಕಿರೀಟದ ತುದಿ, ಮೀಸೆ, ಕಿವಿಯ ಅಂಚಿನಂಥ ಎತ್ತರದ ಜಾಗದಲ್ಲಿ ಚೂರೇ ಚೂರು ಸವೆತ. ಉಳಿದಂತೆ ಗೀರು ಕಡಿಮೆ, ಹೊಳಪು ಧಾರಾಳ. ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರೆ ಅನೇಕ ಸಲ 58ರ ನಾಣ್ಯವೇ 60ಕ್ಕಿಂತ ಚೆಂದ ಕಾಣುತ್ತದೆ, ಬೆಲೆಯೂ ಕಡಿಮೆ. ಎಂಎಸ್ 60 ಕೊಳ್ಳುವ ಮೊದಲು ಅದೇ ವರ್ಷದ ಎಯು 58 ಒಂದನ್ನಾದರೂ ಕೈಯಲ್ಲಿ ಹಿಡಿದು ನೋಡಿ.

5. ಮೇಲಿನ ಮೆಟ್ಟಿಲಿನ ಬೆಲೆಯನ್ನೂ ವಿಚಾರಿಸಿ

ಒಂದು ರೂಪಾಯಿಯ ಬೆಲೆ ಎಯು 58ರಲ್ಲಿ 3,000, ಎಂಎಸ್ 61ರಲ್ಲಿ 5,000, ಎಂಎಸ್ 63ರಲ್ಲಿ 6,000 ಎಂದಿಟ್ಟುಕೊಳ್ಳಿ. ಇನ್ನೊಂದು ಸಾವಿರ ಕೂಡಿಸಿ 63 ಕೊಳ್ಳುವುದೇ ಜಾಣತನ. 61ರಲ್ಲಿ ಉಳಿದ ಸಾವಿರ ಮಾರುವ ದಿನ ಬಡ್ಡಿ ಸಮೇತ ಕೈಬಿಡುತ್ತದೆ. ಅದೇ 63ರ ಬೆಲೆ 20,000 ಆಗಿದ್ದರೆ ಲೆಕ್ಕ ತಿರುಗುತ್ತದೆ. ಅಂತರ ಚಿಕ್ಕದಿದ್ದರೆ ಮೇಲೆ ಹತ್ತಿ, ದೊಡ್ಡದಿದ್ದರೆ ಒಳ್ಳೆಯ 61, 62 ಹುಡುಕಿ. ಬೆಲೆ ತಿಳಿಯಲು ವ್ಯಾಪಾರಿಯ ಮಾತಿಗಿಂತ ಮುಗಿದ ಹರಾಜುಗಳ ಫಲಿತಾಂಶ ನಂಬಿ.

6. ಒಂದೇ ದೀಪ, ನಿಧಾನವಾಗಿ ತಿರುಗಿಸಿ

ಟ್ಯೂಬ್‌ಲೈಟ್ ಕೆಳಗೆ ನಾಣ್ಯ ನೋಡಬೇಡಿ. ಅದರ ಹರಡಿದ ಬೆಳಕು ಗೀರುಗಳನ್ನೆಲ್ಲ ಮರೆಸುತ್ತದೆ. ಒಂಟಿ ಬಲ್ಬಿನ ಮೇಜುದೀಪ ಹಚ್ಚಿ, ಅಂಚು ಹಿಡಿದು ನಾಣ್ಯವನ್ನು ಓರೆ ಮಾಡಿ ಸುತ್ತಿಸಿ. ಅಸಲು ಹೊಳಪು ಇದ್ದರೆ ಬೆಳಕಿನ ಪಟ್ಟೆಗಳು ನಡುವಿನಿಂದ ಅಂಚಿಗೆ ಹರಡಿ ನಾಣ್ಯದ ಜೊತೆ ಸುತ್ತು ಹೊಡೆಯುತ್ತವೆ. ಅಚ್ಚಿನ ಒತ್ತಡಕ್ಕೆ ಲೋಹ ಹರಿದಾಗ ಮೂಡಿದ ಸೂಕ್ಷ್ಮ ಗೆರೆಗಳ ಕೆಲಸ ಅದು. ಪಟ್ಟೆ ಕೆನ್ನೆಯ ಮೇಲೆ ಬಂದಾಗ ಕಡಿದು ಬೂದು ಬಣ್ಣ ಕಂಡರೆ ಅಲ್ಲಿ ಸವೆತವಿದೆ. ಪಟ್ಟೆಯೇ ಮೂಡದೆ ಮೈಯೆಲ್ಲ ಒಂದೇ ಸಮ ಬೆಳ್ಳಗೆ ಮಿಂಚಿದರೆ ತೊಳೆದ ನಾಣ್ಯವೆಂದು ಸಂಶಯಪಡಿ. ಹತ್ತು ಪಟ್ಟಿನ ಭೂತಕನ್ನಡಿ ಆಮೇಲಿನ ಮಾತು. ಮೊದಲ ತೀರ್ಪು ಬರಿಗಣ್ಣಿನದೇ ಆಗಿರಲಿ.

7. ಹುಣಸೆಹಣ್ಣು ಕಂಡ ನಾಣ್ಯ ಬೇಡ

ನಮ್ಮ ಕಡೆ ಬೆಳ್ಳಿ ರೂಪಾಯಿಗಳು ಉಳಿದದ್ದೇ ದೇವರ ಪೆಟ್ಟಿಗೆಯಲ್ಲಿ, ಕಾಸಿನ ಸರದಲ್ಲಿ. ಲಕ್ಷ್ಮೀಪೂಜೆಗೆ ಮುನ್ನ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದ ನಾಣ್ಯದಲ್ಲಿ ಒಂದೇ ದಿಕ್ಕಿಗೆ ಓಡುವ ಕೂದಲೆಳೆಯ ಗೆರೆಗಳು ಕಾಣುತ್ತವೆ. ಸರದಿಂದ ಬಿಚ್ಚಿದ್ದರೆ ಹನ್ನೆರಡು ಗಂಟೆಯ ಜಾಗದ ಅಂಚಿನಲ್ಲಿ ಬೆಸುಗೆ ತೆಗೆದು ಅರದಿಂದ ಉಜ್ಜಿದ ಗುರುತು ಹುಡುಕಿ. ಇಂಥವಕ್ಕೆ ಗ್ರೇಡಿಂಗ್ ಸಂಸ್ಥೆಗಳು ಅಂಕ ಕೊಡದೆ ‘ಡೀಟೇಲ್ಸ್’ ಎಂದಷ್ಟೇ ಬರೆಯುತ್ತವೆ. ‘ಯುಎನ್‌ಸಿ ಡೀಟೇಲ್ಸ್’ (ಯುಎನ್‌ಸಿ ಎಂದರೆ ಅನ್‌ಸರ್ಕ್ಯುಲೇಟೆಡ್, ಚಲಾವಣೆಗೆ ಹೋಗದ್ದು) ಮತ್ತು ಎಂಎಸ್ 60 ಒಂದೇ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮನೆಯಲ್ಲಿ ಅಜ್ಜಿಯ ಕಾಲದ ನಾಣ್ಯವಿದ್ದರೆ ಕುಂಕುಮ ಹಾಗೇ ಇರಲಿ, ಉಜ್ಜಬೇಡಿ.

8. ಚೀಟಿಯಿಲ್ಲದ ‘ಯುಎನ್‌ಸಿ’ಗೆ ಎಯು ಬೆಲೆ ಕೊಡಿ

ನಾಣ್ಯ ಪ್ರದರ್ಶನದ ಮೇಜಿನ ಮೇಲೆ ಹೊಳೆಯುವ ನಾಣ್ಯಕ್ಕೆಲ್ಲ ‘ಟಾಪ್ ಕಂಡೀಷನ್, ಯುಎನ್‌ಸಿ’ ಎನ್ನುವುದು ವ್ಯಾಪಾರಿಗಳ ವಾಡಿಕೆ. ಗ್ರೇಡಿಂಗ್ ಸಂಸ್ಥೆ ಅಂಕ ಹಾಕಿ ಮುಚ್ಚಿದ ಪೆಟ್ಟಿಗೆಯೊಳಗೆ ಇಲ್ಲದ ನಾಣ್ಯಕ್ಕೆ ಒಂದು ಮೆಟ್ಟಿಲು ಇಳಿಸಿ ಬೆಲೆ ಕಟ್ಟಿ. ತೂಕ ನೋಡಿ: 1939ರವರೆಗಿನ ಬೆಳ್ಳಿ ರೂಪಾಯಿ 11.66 ಗ್ರಾಂ, ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು. ತೂಕ ಅಷ್ಟೇ ಉಳಿಯಿತು. ಚಲಾವಣೆಗೇ ಹೋಗದ ನಾಣ್ಯ ಅರ್ಧ ಗ್ರಾಂ ಹಗುರವಾಗಿದ್ದರೆ ಕಥೆ ಬೇರೆಯೇ ಇದೆ. ರಸೀದಿ ಕೇಳಿ, ವಾಪಸು ಕೊಡುವ ಗಡುವನ್ನೂ ಬರೆಸಿಕೊಳ್ಳಿ.

9. ಪೆಟ್ಟಿಗೆಯನ್ನೂ ಪರೀಕ್ಷಿಸಿ

ಸ್ಲ್ಯಾಬ್ ಎನ್ನುವ ಪ್ಲಾಸ್ಟಿಕ್ ಪೆಟ್ಟಿಗೆಯದೂ ನಕಲು ಬರುತ್ತದೆ. ಚೀಟಿಯ ಮೇಲಿನ ಸಂಖ್ಯೆಯನ್ನು ಸಂಸ್ಥೆಯ ತಾಣದಲ್ಲಿ ಹಾಕಿ, ಅಲ್ಲಿ ಚಿತ್ರವಿದ್ದರೆ ಗೀರಿಗೆ ಗೀರು ಹೋಲಿಸಿ. ಗೀರು ಹೆಚ್ಚಿರುವ 60, 61ರಲ್ಲಿ ಈ ಕೆಲಸ ಸುಲಭ. ಪ್ರತಿ ಗೀರೂ ಬೆರಳಚ್ಚಿನ ಹಾಗೆ ನೆರವಾಗುತ್ತದೆ. 1939ರ ಅಪರೂಪದ ರೂಪಾಯಿಯ ಮಾತು ಬಂದರಂತೂ ದುಪ್ಪಟ್ಟು ಎಚ್ಚರ. 1938ರ ಕೊನೆಯ ಅಂಕಿ ತಿದ್ದಿ 1939 ಮಾಡಿದ ನಾಣ್ಯಗಳೂ ಓಡಾಡುತ್ತವೆ.

10. ಎಣಿಕೆಪಟ್ಟಿಯನ್ನು ಅನುಮಾನದಿಂದ ಓದಿ

ಯಾವ ಅಂಕದಲ್ಲಿ ಎಷ್ಟು ನಾಣ್ಯ ಬಂದಿವೆ ಎಂಬ ಪಟ್ಟಿಯನ್ನು ಸಂಸ್ಥೆಗಳು ಪ್ರಕಟಿಸುತ್ತವೆ. ಅದರಲ್ಲೊಂದು ಒಳಸುಳಿ ಇದೆ. 62 ಬಂದ ನಾಣ್ಯವನ್ನು ಪೆಟ್ಟಿಗೆ ಒಡೆದು, 63 ಬಂದೀತೆಂದು ಮತ್ತೆ ಕಳಿಸುವವರಿದ್ದಾರೆ. ಹಳೆಯ ಚೀಟಿ ಹಿಂದಿರುಗಿಸದಿದ್ದರೆ ಒಂದೇ ನಾಣ್ಯ ಎರಡು ಸಲ ಎಣಿಕೆಯಾಗುತ್ತದೆ. ‘ಇದು 63 ಆಗಬೇಕಿತ್ತು’ ಎಂದು ಹೇಳಿ ಮಾರುವವರನ್ನು ಕಂಡರೆ, ಹಾಗಾದರೆ ನೀವೇ ಯಾಕೆ ಕಳಿಸಲಿಲ್ಲ ಎಂದು ನಗುತ್ತಲೇ ಕೇಳಿ.

11. ವಿದೇಶಕ್ಕೆ ಕಳಿಸುವ ಮುನ್ನ ಕಾನೂನು ನೋಡಿ

1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪುರಾವಸ್ತು. ಅದನ್ನು ದೇಶದಿಂದ ಹೊರಗೆ ಕಳಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಮತ್ತು ಅದು ಒಪ್ಪಿದ ಸಂಸ್ಥೆಗಳಿಗೆ ಮಾತ್ರ. ವಿಕ್ಟೋರಿಯಾ, ಎಡ್ವರ್ಡ್, 1922ರವರೆಗಿನ ಜಾರ್ಜ್ ರೂಪಾಯಿಗಳೆಲ್ಲ ಈ ಗೆರೆ ದಾಟಿವೆ. ‘ಕೊಂಡುಬಿಡಿ, ಅಮೆರಿಕಕ್ಕೆ ಕಳಿಸಿ ಅಂಕ ಹಾಕಿಸಿಕೊಳ್ಳಿ’ ಎಂಬ ಸಲಹೆ ಇವಕ್ಕೆ ಸಲ್ಲದು. 1936ರ ಮತ್ತು ಆರನೆಯ ಜಾರ್ಜ್‌ನ ರೂಪಾಯಿಗಳಿಗೆ ಇನ್ನೂ ನೂರು ತುಂಬಿಲ್ಲ. ಅವುಗಳಲ್ಲೂ ಗ್ರೇಡಿಂಗ್ ಶುಲ್ಕ, ಸಾಗಣೆ, ವಿಮೆ ಕೂಡಿಸಿ. 61 ಬಂದರೆ ಹೆಚ್ಚುವ ಬೆಲೆಗಿಂತ ಖರ್ಚೇ ಹೆಚ್ಚಾದರೆ ಹಾಗೇ ಇಟ್ಟುಕೊಳ್ಳಿ.

12. ಮಾರುವ ದಿನದ ಗಿರಾಕಿಯನ್ನು ಈಗಲೇ ನೆನೆಯಿರಿ

ಸಾಮಾನ್ಯ ವರ್ಷದ ಎಂಎಸ್ 60ಕ್ಕೆ ಗಿರಾಕಿ ಸಿಗುವುದು ಕಷ್ಟ: ಹೊಸಬರಿಗೆ ದುಬಾರಿ, ಹಳಬರಿಗೆ ಸಪ್ಪೆ. ಅಪರೂಪದ ವರ್ಷದ, ಕಣ್ಣಿಗೆ ಒಪ್ಪುವ 62ಕ್ಕೆ ಇಬ್ಬರೂ ಬರುತ್ತಾರೆ. ಅಲ್ಲಿಯವರೆಗೆ ನಾಣ್ಯ ಕೆಡದಂತೆ ಕಾಯುವುದೂ ನಿಮ್ಮದೇ ಹೊಣೆ. ಮೆತ್ತನೆಯ ಪಿವಿಸಿ ಚೀಲದಲ್ಲಿ ವರ್ಷಗಟ್ಟಲೆ ಇಟ್ಟರೆ ಹಸಿರು ಅಂಟು ಕೂರುತ್ತದೆ. ಮೈಲಾರ್ ಹಾಳೆಯ ಚೌಕ ಬಳಸಿ.

ಕೊಳ್ಳುವಾಗ ಆ ಚೌಕದ ಮೇಲೆ ಒಂದು ಸಾಲು ಬರೆಯಿರಿ: ‘1911, ಎಂಎಸ್ 61, ನಿಲುವಂಗಿಯ ಮೇಲೆ ಮೂರು ಗೀರು, ಮುಖ ಸ್ವಚ್ಛ, ಹೊಳಪು ಪೂರ್ತಿ.’ ಅಂಕ ಯಾಕೆ ಕಡಿಮೆಯಾಯಿತು, ಆದರೂ ಯಾಕೆ ಕೊಂಡೆ ಎಂಬುದು ಅಷ್ಟರಲ್ಲೇ ಬಂದುಬಿಡಬೇಕು. ಹಣ ಕೊಡುವ ಮೊದಲೇ ಈ ಸಾಲು ಹೊಳೆದರೆ ಆ ನಾಣ್ಯ ನಿಮ್ಮದು. ಹೊಳೆಯದಿದ್ದರೆ ವ್ಯಾಪಾರಿಗೆ ನಮಸ್ಕಾರ ಹೇಳಿ ಮುಂದಿನ ಮೇಜಿಗೆ ನಡೆಯಿರಿ.